ನೀರಲ್ಲಿ ನಿಂತ ಟ್ರೇಲರಿನ ಗಾಲಿ: ಹಂಗಾಮಿಗೆ ಮೊದಲೇ ಬೇರಿಂಗ್ ಬಿಚ್ಚಿ ನೋಡಿ



ದೂಧಗಂಗೆಗೆ ಪೂರ ಬಂದಾಗಲೆಲ್ಲ ಮಲಿಕವಾಡ-ದತ್ತವಾಡ ಸೇತುವೆ ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ನೀರು ಇಳಿದು ಸೇತುವೆ ಮೇಲೆ ಓಡಾಟ ಶುರುವಾದರೆ ಅದೂ ಸುದ್ದಿ. ಆದರೆ ಹೊಲದ ಬದುವಿನಲ್ಲಿ, ಮನೆಯ ಹಿಂದಿನ ಹಿತ್ತಿಲಲ್ಲಿ ನಿಂತಿದ್ದ ಕಬ್ಬಿನ ಟ್ರೇಲರ್ ಎಷ್ಟು ದಿನ ನೀರಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ. 2005, 2019, 2021ರ ಮಹಾಪೂರಗಳಲ್ಲಿ ನಾವೆಲ್ಲ ಮೊದಲು ಜನ, ಆಮೇಲೆ ದನ, ಆಮೇಲೆ ಕಾಳುಕಡಿ ಎಂದು ಸಾಗಿಸಿದೆವು. ಟ್ರೇಲರ್ ಕಬ್ಬಿಣದ್ದು, ಅದಕ್ಕೇನಾಗುತ್ತದೆ ಎಂಬ ಧೈರ್ಯ ಎಲ್ಲರಿಗೂ ಇರುತ್ತದೆ.

ಟ್ರೇಲರಿನ ಚಾಸಿಗೆ ಏನೂ ಆಗುವುದಿಲ್ಲ ನಿಜ. ತೊಂದರೆ ಇರುವುದು ಗಾಲಿಯ ಹಬ್‌ನಲ್ಲಿ. ನಮ್ಮ ಟ್ರೇಲರ್‌ಗಳ ಹಬ್ ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿರುತ್ತದೆ. ಮೊಣಕಾಲು ಮಟ್ಟದ ನೀರು ಬಂದರೆ ಸಾಕು, ಬೇರಿಂಗ್ ನೀರಿನ ಪಾಲಾಯಿತು.

ಜುಲೈ ಅಥವಾ ಆಗಸ್ಟ್‌ನಲ್ಲಿ ಪೂರ ಬರುತ್ತದೆ. ಕಾರ್ಖಾನೆಗಳು ಕಬ್ಬು ಅರೆಯಲು ಶುರು ಮಾಡುವುದು ಅಕ್ಟೋಬರ್-ನವೆಂಬರ್‌ನಲ್ಲಿ. ಈ ಎರಡು ಮೂರು ತಿಂಗಳು ಟ್ರೇಲರ್ ಕದಲದೆ ನಿಂತಿರುತ್ತದೆ, ಒಳಗೆ ತುಕ್ಕು ತನ್ನ ಕೆಲಸ ಮಾಡುತ್ತಿರುತ್ತದೆ. ಹಂಗಾಮು ಶುರುವಾಗಿ ಟನ್‌ಗಟ್ಟಲೆ ಕಬ್ಬು ಹೇರಿದ ಮೇಲೆ, ಅದೂ ರಾತ್ರಿ ಹೊತ್ತು ರಸ್ತೆಯ ಮೇಲೆ, ಆ ತುಕ್ಕು ಲೆಕ್ಕ ಕೇಳುತ್ತದೆ. ಹಬ್ ಕಾದು ಬೇರಿಂಗ್ ಹಿಡಿದುಕೊಂಡರೆ ಗಾಲಿ ಕಳಚಿ ಹೋಗಬಹುದು. ಎದುರಿಗೆ ಬೈಕಿನಲ್ಲಿ ಬರುವವನು ಯಾರ ಮಗನೋ! ಅದಕ್ಕೇ ಈ ಲೇಖನ.

ಹಬ್‌ನ ಒಳಗೆ ಸಾಮಾನ್ಯವಾಗಿ ಎರಡು ಟೇಪರ್ ರೋಲರ್ ಬೇರಿಂಗ್‌ಗಳಿರುತ್ತವೆ, ಒಳಬದಿಗೆ ಒಂದು, ಹೊರಬದಿಗೆ ಒಂದು. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಇರುವ ರೋಲರ್‌ಗಳು ಕೋನ್ ಎಂಬ ಒಳಬಳೆಯ ಸುತ್ತ ಕೂತಿರುತ್ತವೆ. ಅವು ಉರುಳುವ ಹೊರಬಳೆಗೆ ಕಪ್ ಎನ್ನುತ್ತಾರೆ. ಮೇಲಿನಿಂದ ಬರುವ ಭಾರವನ್ನೂ ತಿರುವಿನಲ್ಲಿ ಅಡ್ಡಡ್ಡ ಬೀಳುವ ಒತ್ತಡವನ್ನೂ ಇದು ಒಟ್ಟಿಗೆ ತಾಳಿಕೊಳ್ಳುತ್ತದೆ. ಇದಕ್ಕೆ 1898ರಲ್ಲಿ ಪೇಟೆಂಟ್ ಪಡೆದ ಹೆನ್ರಿ ಟಿಮ್ಕೆನ್ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕುದುರೆ ಗಾಡಿ ಮಾಡುತ್ತಿದ್ದವರು. ಅಂದರೆ ಇದು ಮೂಲತಃ ಗಾಡಿಯವರ ಬೇರಿಂಗೇ. ಮರದ ಗಾಲಿಯ ಕಾಲದಲ್ಲಿ ನಮ್ಮ ಹಿರಿಯರು ಅಚ್ಚಿಗೆ ಔಡಲೆಣ್ಣೆಯ ಕೀಲೆಣ್ಣೆ ಹಾಕುತ್ತಿದ್ದರು. ಎಣ್ಣೆ ಕಡಿಮೆಯಾದರೆ ಗಾಡಿ ಕಿರ್ ಎಂದು ಕೂಗಿ ಹೇಳುತ್ತಿತ್ತು. ಟ್ರ್ಯಾಕ್ಟರ್ ಸದ್ದಿನಲ್ಲಿ ಇಂದಿನ ಬೇರಿಂಗಿನ ಕೂಗು ಕೇಳುವುದಿಲ್ಲ.

ನೀರು ಒಳಗೆ ಹೋಗುವುದು ಹೇಗೆ? ನಿಂತ ಟ್ರೇಲರಿಗೆ ಹಳೆಯ, ಗಟ್ಟಿಯಾದ ಸೀಲ್‌ನ ಸಂದಿಯೇ ದಾರಿ. ಓಡುತ್ತಿರುವ ಟ್ರೇಲರಿನದು ಬೇರೆ ಕತೆ. ಅದನ್ನು ಚೆನ್ನಾಗಿ ಬಲ್ಲವರು ವಿದೇಶಗಳಲ್ಲಿ ದೋಣಿಯನ್ನು ಟ್ರೇಲರಿನ ಮೇಲೆ ಕೆರೆಗೆ ಒಯ್ಯುವವರು. ದೂರದಿಂದ ಓಡಿ ಬಂದ ಹಬ್ ಬಿಸಿಯಾಗಿರುತ್ತದೆ. ದೋಣಿ ಇಳಿಸಲು ಟ್ರೇಲರನ್ನು ನೀರಿಗೆ ಇಳಿಸಿದೊಡನೆ ಹಬ್ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ, ಆ ಸೆಳೆತಕ್ಕೆ ಸೀಲ್ ದಾಟಿ ನೀರು ಒಳಗೆ ಬರುತ್ತದೆ. ಇದನ್ನು ತಡೆಯಲು ಅಲ್ಲಿ ಬೇರಿಂಗ್ ಬಡ್ಡಿ ಎಂಬ ಸ್ಪ್ರಿಂಗ್ ಇರುವ ಮುಚ್ಚಳ ಹಾಕುತ್ತಾರೆ. ಅದು ಒಳಗಿನ ಗ್ರೀಸನ್ನು ಸದಾ ಸ್ವಲ್ಪ ಒತ್ತಡದಲ್ಲಿ ಇಡುತ್ತದೆ. ನಾವು ಮುಳುಗುವ ಸೇತುವೆಯ ಮೇಲೆ ಕೊನೆಯ ಖೇಪು ದಾಟಿಸುವಾಗಲೂ ಆಗುವುದು ಇದೇ. ನಮ್ಮ ನೀರಿನಲ್ಲಿ ಹೊಳೆಯ ರೇವೆ ಮಣ್ಣೂ ಇರುತ್ತದೆ, ಅದು ಒಳಗೆ ಹೋದರೆ ಉಕ್ಕನ್ನು ಉಜ್ಜಿ ತಿನ್ನುತ್ತದೆ.

ನೀರು ಇಳಿದ ಮೇಲೆ ಅನೇಕರು ಗ್ರೀಸ್ ಗನ್ ತಂದು ನಿಪ್ಪಲ್‌ಗೆ ನಾಲ್ಕು ಸಲ ಒತ್ತಿ, ಕೆಲಸ ಮುಗಿಯಿತು ಎನ್ನುತ್ತಾರೆ. ನಮ್ಮ ದೃಷ್ಟಿಯಲ್ಲಿ ಇದು ಮಾಡದೆ ಇರುವುದಕ್ಕಿಂತ ಕೆಟ್ಟದ್ದು. ಹೊಸ ಗ್ರೀಸ್ ಒಳಗಿನ ನೀರನ್ನು ಹೊರಗೆ ಹಾಕುವುದಿಲ್ಲ, ಅಲ್ಲೇ ಮುಚ್ಚಿಡುತ್ತದೆ. ಮೇಲಾಗಿ ಮಾಲೀಕನಿಗೆ ಸುಳ್ಳು ನೆಮ್ಮದಿ. ಹಬ್ ಮುಳುಗಿದ್ದರೆ ಬಿಚ್ಚಲೇಬೇಕು, ಅದೂ ದಸರೆಯವರೆಗೆ ಕಾಯದೆ ನೀರು ಇಳಿದ ವಾರದಲ್ಲೇ.

ಟ್ರೇಲರ್ ಖಾಲಿ ಇರಲಿ, ನೆಲ ಗಟ್ಟಿ ಇರಲಿ. ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು ಜಾಕ್ ಏರಿಸಿ, ಅಚ್ಚಿನ ಕೆಳಗೆ ಬಲವಾದ ಮರದ ದಿಮ್ಮಿ ಇಡಿ. ಬರಿ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಡಸ್ಟ್ ಕ್ಯಾಪ್ ತೆಗೆದ ಕೂಡಲೇ ಅರ್ಧ ಉತ್ತರ ಸಿಗುತ್ತದೆ. ಗ್ರೀಸ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಸ್ಪ್ಲಿಟ್ ಪಿನ್, ನಟ್, ವಾಷರ್ ತೆಗೆದರೆ ಹೊರ ಬೇರಿಂಗ್ ಕೈಗೆ ಬರುತ್ತದೆ. ಹಬ್ ಎಳೆದ ಮೇಲೆ ಹಿಂದಿನ ಸೀಲ್ ಕಿತ್ತರೆ ಒಳ ಬೇರಿಂಗ್. ಎಡಗಾಲಿಯದು ಬಲಗಾಲಿಗೆ, ಒಳಗಿನದು ಹೊರಗೆ ಆಗದಂತೆ ಬೇರೆ ಬೇರೆ ಡಬ್ಬಿಯಲ್ಲಿಡಿ. ಚಿಮಣಿ ಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಹಳೆಯ ಗ್ರೀಸ್ ಪೂರ್ತಿ ಹೋಗುವಂತೆ ತೊಳೆದು, ಚೆನ್ನಾಗಿ ಆರಿಸಿ. ಕಂಪ್ರೆಸರ್ ಗಾಳಿಯಿಂದ ಬೇರಿಂಗ್ ಗರಗರ ತಿರುಗಿಸುವ ಆಟ ಬೇಡ, ರೋಲರ್ ಸಿಡಿದು ಕಣ್ಣಿಗೆ ಬಡಿದೀತು.

ಈಗ ಬಿಸಿಲಲ್ಲಿ ಹಿಡಿದು ನೋಡಿ. ಆರೋಗ್ಯವಂತ ರೋಲರ್ ಕನ್ನಡಿಯ ಹಾಗೆ ಹೊಳೆಯುತ್ತದೆ. ನೀರಲ್ಲಿ ಕದಲದೆ ನಿಂತದ್ದಾದರೆ ಕಪ್‌ನ ಒಳಮೈಯಲ್ಲಿ, ಪ್ರತಿ ರೋಲರ್ ಕೂತಿದ್ದ ಜಾಗದಲ್ಲಿ, ಸಮ ಅಂತರದ ಗೆರೆಗಳು ಕಾಣುತ್ತವೆ. ಉಗುರು ಎಳೆದಾಗ ಗೆರೆ ತಡೆದರೆ ಅದನ್ನು ಉಜ್ಜಿ ಸರಿಮಾಡಲು ಹೋಗಬೇಡಿ, ಬದಲಾಯಿಸಿ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಹಿಂದೆಯೇ ಅತಿಯಾಗಿ ಕಾದಿದೆ, ಅದನ್ನೂ ಇಡಬೇಡಿ. ಕೋನ್ ಹೊಸದು, ಕಪ್ ಹಳೆಯದು ಎಂಬ ಉಳಿತಾಯ ನಡೆಯುವುದಿಲ್ಲ, ಎರಡೂ ಜೋಡಿಯಾಗಿಯೇ ಬದಲಾಗಬೇಕು. ಬೇರಿಂಗ್ ಮೇಲೆ ಕೆತ್ತಿದ ಸಂಖ್ಯೆಯನ್ನು ಬರೆದುಕೊಂಡು ಇಚಲಕರಂಜಿಗೋ ಚಿಕ್ಕೋಡಿಗೋ ಹೋಗಿ. 32210 ಎಂದಿದ್ದರೆ ಕೊನೆಯ ಎರಡು ಅಂಕಿ 10ನ್ನು 5ರಿಂದ ಗುಣಿಸಿ: ಒಳರಂಧ್ರ 50 ಮಿ.ಮೀ. ಅಂಗಡಿಯವರು ಬೇರೆ ಅಳತೆ ಕೊಟ್ಟರೆ ಅಲ್ಲೇ ಗೊತ್ತಾಗುತ್ತದೆ.

ಗ್ರೀಸ್ ವಿಷಯದಲ್ಲಿ ಅಗ್ಗದ್ದು ಹುಡುಕುವುದು ಬೇಡ. ಹಳೆಯ ಮಾದರಿಯ ಕ್ಯಾಲ್ಸಿಯಂ ಗ್ರೀಸ್ ನೀರಿಗೆ ಜಗ್ಗುವುದಿಲ್ಲ, ಆದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೆಳ್ಳಗಾಗುತ್ತದೆ. ಭಾರ ಹೊತ್ತು ಓಡುವ ಗಾಲಿಗೆ ಅದು ಸಾಲದು. ಡಬ್ಬಿಯ ಮೇಲೆ ಎಪಿ-3 ಎಂದು ಬರೆದ ಲಿಥಿಯಂ ಗ್ರೀಸ್ ಎಲ್ಲೆಡೆ ಸಿಗುತ್ತದೆ, ಶಾಖವನ್ನೂ ತಾಳುತ್ತದೆ. ಎರಡು ಜಾತಿಯ ಗ್ರೀಸ್ ಕಲೆಸಬೇಡಿ. ಅಂಗೈಯಲ್ಲಿ ಒಂದು ಮುದ್ದೆ ಇಟ್ಟುಕೊಂಡು ಕೋನ್‌ನ ಅಗಲ ತುದಿಯನ್ನು ಅದಕ್ಕೆ ಒತ್ತುತ್ತಾ ಹೋಗಿ, ರೋಲರ್‌ಗಳ ಸಂದಿಯಿಂದ ಮೇಲೆ ಉಕ್ಕಿ ಬರುವವರೆಗೆ. ಮೇಲೆ ಮೇಲೆ ಸವರಿದರೆ ಒಳಗೆ ಹೋಗುವುದಿಲ್ಲ. ಹಬ್‌ನ ಪೊಳ್ಳು ಜಾಗವನ್ನು ಗಿಡಿಯಬೇಡಿ, ಕಾದಾಗ ಗ್ರೀಸ್ ಹಿಗ್ಗಿ ಸೀಲನ್ನೇ ಹೊರದಬ್ಬುತ್ತದೆ. ಸೀಲ್ ಮಾತ್ರ ಪ್ರತಿ ಸಲ ಹೊಸದೇ ಇರಲಿ.

ನಟ್ ಬಿಗಿಯುವಾಗ ಬಲ ತೋರಿಸುವ ಹುಡುಗರನ್ನು ದೂರ ಇಡಿ! ಗಾಲಿ ತಿರುಗಿಸುತ್ತಲೇ ಪಾನಾದಿಂದ ಬಿಗಿದು, ಬೇರಿಂಗ್ ಕೂತ ಮೇಲೆ ಸಡಿಲಿಸಿ, ಮತ್ತೆ ಬೆರಳಿನಿಂದ ತಿರುಗುವಷ್ಟೇ ಬಿಗಿದು ಹೊಸ ಸ್ಪ್ಲಿಟ್ ಪಿನ್ ಹಾಕಿ. ಗಾಲಿ ಸರಾಗ ತಿರುಗಬೇಕು, ಹಿಡಿದು ಅಲುಗಿಸಿದರೆ ಕೂದಲೆಳೆಯಷ್ಟು ಆಟ ಇರಬಹುದು, ಅದಕ್ಕಿಂತ ಹೆಚ್ಚು ಬೇಡ.

ಹಂಗಾಮಿನ ಮೊದಲ ಖೇಪಿನಲ್ಲಿ ನಾಲ್ಕೈದು ಕಿ.ಮೀ. ಹೋದ ಮೇಲೆ ಒಮ್ಮೆ ಬದಿಗೆ ನಿಲ್ಲಿಸಿ, ಎಲ್ಲ ಹಬ್‌ಗಳ ಹತ್ತಿರ ಕೈ ಒಯ್ದು ನೋಡಿ. ಎಲ್ಲವೂ ಬೆಚ್ಚಗಿದ್ದರೆ ಚಿಂತೆ ಇಲ್ಲ. ಒಂದೇ ಒಂದು ಮುಟ್ಟಲಾಗದಷ್ಟು ಸುಡುತ್ತಿದ್ದರೆ ಆ ಗಾಲಿ ಮತ್ತೆ ಬಿಚ್ಚಬೇಕು. ಕಾರ್ಖಾನೆಯ ಅಂಗಳದಲ್ಲಿ ಸರದಿಗೆ ಕಾಯುವಾಗಲೂ ಇದನ್ನೇ ಮಾಡಬಹುದು, ಚಹಾಕ್ಕೆ ಹೋಗುವ ಮೊದಲು ಎರಡು ನಿಮಿಷದ ಕೆಲಸ. ಪೂರ ಬಾರದ ವರ್ಷದಲ್ಲೂ ಹಂಗಾಮಿಗೆ ಮುನ್ನ ಒಮ್ಮೆ ಹಬ್ ಬಿಚ್ಚುವುದು ಒಳ್ಳೆಯದು. ಎತ್ತಿನ ಟಾಯರ್ ಗಾಡಿಯವರಿಗೂ ಇದು ಅನ್ವಯಿಸುತ್ತದೆ. ಅಲ್ಲಿ ಬೇರಿಂಗ್ ಹಿಡಿದರೆ ಆ ಜಗ್ಗಾಟವೆಲ್ಲ ಎತ್ತಿನ ಹೆಗಲಿಗೆ.

ಸ್ವಂತವಾಗಿ ಬಿಚ್ಚಲು ಹಿಂಜರಿಯುವವರು ಊರಿನ ಫಿಟ್ಟರ್ ಹತ್ತಿರ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ಹಳೆಯ ಸೀಲ್ ಕೇಳಿ ಪಡೆದುಕೊಳ್ಳಿ. ಅದು ನಿಮ್ಮ ಕೈಗೆ ಬಂದರೆ ಹಬ್ ನಿಜವಾಗಿಯೂ ಬಿಚ್ಚಿದೆ ಎಂದರ್ಥ.