ನಿಮಗಿದು ಗೊತ್ತೇ? ಟೆಲಿಫೋನ್ ಎಕ್ಸ್‌ಚೇಂಜಿನ ಅವಳಿ ಜವಳಿ

ಅಮೆರಿಕದ ಬೆಲ್ ಎಂಜಿನಿಯರುಗಳು ತಮ್ಮ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಿಗೆ ಇಟ್ಟುಕೊಂಡ ಗುರಿ ಕೇಳಿ: 40 ವರ್ಷದಲ್ಲಿ ಒಟ್ಟು 2 ಗಂಟೆಗಿಂತ ಹೆಚ್ಚು ಬಂದ್ ಆಗಕೂಡದು! ನಮ್ಮನೆ ಮಿಕ್ಸಿಗೆ ಯಾರಾದರೂ ಇದನ್ನು ಹೇಳಬಾರದೇ?

ಆ ಎಕ್ಸ್‌ಚೇಂಜ್ 1965ರಲ್ಲಿ ನ್ಯೂಜೆರ್ಸಿಯ ಸಕ್ಕಸನ್ನಾ ಎಂಬ ಊರಲ್ಲಿ ಶುರುವಾಯಿತು. ಅದಕ್ಕೆ ಮಿದುಳು ಎರಡು! ಎರಡೂ ಒಂದೇ ಕೆಲಸವನ್ನು ಒಟ್ಟೊಟ್ಟಿಗೇ ಮಾಡಿ ಉತ್ತರ ತಾಳೆ ನೋಡುತ್ತಿದ್ದವು. ತಾಳೆಯಾಗದಿದ್ದರೆ ಕೆಟ್ಟದ್ದು ಯಾವುದೆಂದು ಯಂತ್ರವೇ ಹುಡುಕಿ ಪಕ್ಕಕ್ಕೆ ಸರಿಸುತ್ತಿತ್ತು.

ಇನ್ನು ನಮ್ಮ ದೇಶದ್ದು ಕೇಳಿ: ಭಾರತದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಹಳ್ಳಿ ಎಕ್ಸ್‌ಚೇಂಜ್ ಕೂತದ್ದು ಎಲ್ಲಿ? ನಮ್ಮ ಕಿತ್ತೂರಲ್ಲೇ, 1986ರಲ್ಲಿ! 128 ಪೋರ್ಟಿನ ಪುಟ್ಟ ಪೆಟ್ಟಿಗೆ. ಎಸಿಯೇ ಬೇಡ!

ಕರೆಂಟ್ ಹೋದರೂ ಹಳೇ ಲ್ಯಾಂಡ್‌ಲೈನ್ ರಿಂಗಾಗುತ್ತಿತ್ತಲ್ಲ? ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಗಳ ಕೃಪೆ. ಅಲ್ಲಿ ನೆಲಕ್ಕೆ ಕಟ್ಟುವುದು ಪ್ಲಸ್ ತುದಿಯನ್ನು. ತಾಮ್ರದ ತಂತಿ ಸವೆಯದಿರಲಿ ಎಂದು!

ಮತ್ತೆ ಆ ಎರಡು ಮಿದುಳಿನ ಮಾತಿಗೆ ಬರೋಣ. ಜೋಡಿ ಇದ್ದರೆ ಸಾಕೇ? 1990ರ ಜನವರಿ 15. ಎಟಿ ಅಂಡ್ ಟಿ ಕಂಪನಿಯ ನ್ಯೂಯಾರ್ಕ್ ಸ್ವಿಚ್ಚೊಂದಕ್ಕೆ, ಅಂದರೆ ಕರೆಗಳನ್ನು ಜೋಡಿಸುವ ಎಕ್ಸ್‌ಚೇಂಜ್ ಯಂತ್ರಕ್ಕೆ, ಸಣ್ಣ ತೊಂದರೆ. ಅದು ಕೆಲವೇ ಸೆಕೆಂಡು ಕಣ್ಣು ಮುಚ್ಚಿ, ಎದ್ದು, ಮತ್ತೆ ಕೆಲಸಕ್ಕೆ ಬಂತು. ಹಾಗೆ ಬಂದ ಸುದ್ದಿ ಕೇಳಿಯೇ ಪಕ್ಕದ ಸ್ವಿಚ್ ಕುಸಿಯಿತು! ಅದು ಎದ್ದಾಗ ಅದರ ಪಕ್ಕದ್ದು. ಹೀಗೆ 114 ಸ್ವಿಚ್‌ಗಳು ಸರದಿಯಲ್ಲಿ ಬಿದ್ದೆದ್ದು, ಎದ್ದುಬಿದ್ದು, ಸುಮಾರು 9 ಗಂಟೆ ಫೋನುಗಳು ಕಂಗಾಲು. ಕಾರಣ? ಪ್ರೋಗ್ರಾಮಿನಲ್ಲಿ ತಪ್ಪು ಜಾಗದಲ್ಲಿ ಕೂತ ‘ಬ್ರೇಕ್’ ಎಂಬ ಒಂದೇ ಪದ! ಎಲ್ಲದರೊಳಗೂ ಅದೇ ಪ್ರೋಗ್ರಾಮು. ಅವಳಿಗೆ ಬಂದ ಜ್ವರ ಜವಳಿಗೂ ಬರದಿದ್ದೀತೇ?

ಇದಕ್ಕಿಂತ ಕಳ್ಳ ರೋಗ ಇನ್ನೊಂದಿದೆ. ಆಪತ್ತಿಗೆಂದು ಕಾದಿಟ್ಟ ಜೋಡಿ, ಅಂದರೆ ಸ್ಟ್ಯಾಂಡ್‌ಬೈ, ಎಂದೋ ಕೆಟ್ಟಿರುತ್ತದೆ, ಕೆಲಸ ಬೀಳುವತನಕ ಯಾರಿಗೂ ತಿಳಿಯದು! ಅದಕ್ಕೇ ಎಲ್ಲ ಚೆನ್ನಾಗಿರುವಾಗಲೇ, ಗಿರಾಕಿಗಳು ಮಲಗಿರುವ ಹೊತ್ತು ನೋಡಿ, ಬೇಕೆಂದೇ ಪಾಳಿ ಬದಲಿಸುತ್ತಾರೆ.

ಇವತ್ತಿನ ಆಫೀಸ್ ಫೋನುಗಳು ನೆಟ್‌ವರ್ಕ್ ಸ್ವಿಚ್‌ ಮೇಲೆ ಓಡುತ್ತವೆ. ಒಂದು ಹೋದರೆ ಇನ್ನೊಂದಿರಲಿ ಎಂದು ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್ ಹಾಕಿದಿರೋ, ಎಲ್ಲರಿಗೂ ಹೊರಟ ಸಂದೇಶ ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ. ಪ್ರತಿ ಸುತ್ತಿಗೂ ನಕಲು ಬೇರೆ! ಇದಕ್ಕೆ 1985ರಲ್ಲಿ ಮದ್ದು ಕಂಡುಹಿಡಿದವರು ರಾಡಿಯಾ ಪರ್ಲ್‌ಮನ್. ಮದ್ದು ಸರಳ: ಒಂದು ದಾರಿಯನ್ನು ಸ್ವಿಚ್ಚೇ ಮುಚ್ಚಿಡುತ್ತದೆ, ಇನ್ನೊಂದು ಕಡಿದಾಗ ತೆರೆಯುತ್ತದೆ.

ಆ ಮದ್ದು ಹಾಕದ ಕಡೆ? ಮೇಜಿನ ಮೇಲಿನ ಫೋನಿನ ಹಿಂದೆ ನೋಡಿ, ಎರಡು ತೂತು. ಒಂದು ಗೋಡೆಗೆ, ಒಂದು ಕಂಪ್ಯೂಟರಿಗೆ. ಕಸ ಗುಡಿಸುವಾಗ ಬಿಚ್ಚಿದ ವೈರುಗಳನ್ನು ಯಾರೋ ಪಾಪ, ಎರಡನ್ನೂ ಗೋಡೆಗೇ ಚುಚ್ಚಿದರೆ ಇಡೀ ಮಹಡಿಯ ಫೋನು ಗಪ್‌ಚುಪ್!