ಸ್ವರಲಿಪಿಯಡಿಯ ಸಾಹಿತ್ಯದಲ್ಲಿ ಚಿಹ್ನೆಯುಳ್ಳ ಅಕ್ಷರಗಳು

ಪ್ರಶ್ನೆ: ಲಿಲಿಪಾಂಡ್ ತಂತ್ರಾಂಶದಿಂದ ಫ್ರೆಂಚ್ ಗೀತೆಯೊಂದರ ಸ್ವರಲಿಪಿಯನ್ನು ಅಚ್ಚಿಗೆ ಅಣಿಗೊಳಿಸುವಾಗ, ಮೇಲೆ ಓರೆಗೀಟುಳ್ಳ ಅಕ್ಷರಗಳು ಒಮ್ಮೆ ಲುಪ್ತವಾಗುವುದೂ ಒಮ್ಮೆ ವಿಚಿತ್ರ ಜೋಡಿಗಳಾಗಿ ಒಡೆಯುವುದೂ ಏಕೆ?

ಉತ್ತರ: ಗಣಕಯಂತ್ರವು ಅಕ್ಷರವನ್ನು ಆಕಾರದಿಂದಲ್ಲ, ಸಂಖ್ಯೆಯಿಂದ ಅರಿಯುವುದಾದುದರಿಂದ, ಬರೆದಿಟ್ಟ ಪದ್ಧತಿಯೊಂದು, ಓದುವ ಪದ್ಧತಿ ಮತ್ತೊಂದಾದಲ್ಲಿ ಇಂತಹ ವಿಕಾರವು ಅನಿವಾರ್ಯವಾಗುವುದು. ಹಳೆಯ ಲ್ಯಾಟಿನ್-1 ಪದ್ಧತಿಯಲ್ಲಿ ಒಂದೇ ಬೈಟಿನೊಳಗೆ ಅಡಗುತ್ತಿದ್ದ ಈ ಅಕ್ಷರಕ್ಕೆ, 1992ರಲ್ಲಿ ಕೆನ್ ಥಾಂಪ್ಸನ್ ಹಾಗೂ ರಾಬ್ ಪೈಕ್ ರೂಪಿಸಿದ ಯುಟಿಎಫ್-8ರಲ್ಲಿ ಎರಡು ಬೈಟುಗಳು ಬೇಕು. ನಮ್ಮ ಕನ್ನಡದ ಪ್ರತಿಯೊಂದು ಸಂಕೇತಕ್ಕಾದರೋ ಮೂರು. ಲಿಲಿಪಾಂಡ್ ನಿರೀಕ್ಷಿಸುವುದು ಯುಟಿಎಫ್-8 ಕಡತವನ್ನೇ ಆದುದರಿಂದ, ಲ್ಯಾಟಿನ್-1ರಲ್ಲಿ ಉಳಿಸಿದ ಅಕ್ಷರವು ಅದಕ್ಕೆ ಅಗ್ರಾಹ್ಯವಾಗುವುದು. ಯುಟಿಎಫ್-8 ಕಡತವನ್ನು ಸಂಪಾದಕ ತಂತ್ರಾಂಶವು ಲ್ಯಾಟಿನ್-1 ಎಂದು ಬಗೆದು ತೆರೆದು ಮರಳಿ ಯುಟಿಎಫ್-8ರಲ್ಲಿ ಉಳಿಸಿದರೆ, ಒಂದಕ್ಷರವು ಎರಡಾಗುವುದು.

ಆದಕಾರಣ ಮೊದಲು ಕಡತವನ್ನು ಯುಟಿಎಫ್-8ರಲ್ಲಿಯೇ ಉಳಿಸಿ, ಅಕ್ಷರಗಳನ್ನು ನೇರವಾಗಿ ಟೈಪು ಮಾಡತಕ್ಕದ್ದು. ಅನಂತರವೂ ಅಕ್ಷರದ ಬದಲು ಚೌಕವೇ ಕಾಣುವುದಾದರೆ, ಆ ಅಕ್ಷರವುಳ್ಳ ಫಾಂಟನ್ನು ಆರಿಸಬೇಕು. ಚಿಹ್ನೆಯು ಅಕ್ಷರದಿಂದ ಪಕ್ಕಕ್ಕೆ ಸರಿದು ನಿಂತಿದ್ದರೆ, ಮೂಲಾಕ್ಷರ ಮತ್ತು ಚಿಹ್ನೆಗಳನ್ನು ಪ್ರತ್ಯೇಕ ಸಂಕೇತಗಳಾಗಿ ಬರೆದಿರುವ ಸಂಭವವುಂಟು; ಯುನಿಕೋಡಿನಲ್ಲಿರುವ ಅಖಂಡರೂಪವನ್ನು ಬಳಸಿದಲ್ಲಿ ಆ ದೋಷವು ಸಾಮಾನ್ಯವಾಗಿ ನಿವಾರಣೆಯಾಗುವುದು. ಪದವನ್ನು ಸ್ವರಗಳಿಗೆ ಹಂಚಲು ನಡುವೆ ಹಾಕುವ ಜೋಡಿ ಅಡ್ಡಗೆರೆಗೆ ಚಿಹ್ನೆಯುಳ್ಳ ಅಕ್ಷರಗಳಿಂದ ಯಾವ ಬಾಧೆಯೂ ಇಲ್ಲ.

ಈ ಶ್ರಮವು ಕೇವಲ ಅಲಂಕಾರಕ್ಕಾಗಿ ಅಲ್ಲ. ಫ್ರೆಂಚಿನಲ್ಲಿ ಆ ಗೀಟು ಹಲವೆಡೆ ಸ್ವರಾಕ್ಷರದ ಉಚ್ಚಾರವನ್ನೇ ನಿರ್ಣಯಿಸುವುದರಿಂದ, ಅದನ್ನು ಕಳೆದುಕೊಂಡ ಪುಟವು ಗಾಯಕನನ್ನು ತಪ್ಪುದಾರಿಗೆ ಎಳೆಯುವುದು. ಮುದ್ರಣಕ್ಕೆ ಮುನ್ನ ಸಾಹಿತ್ಯವನ್ನು ಮೂಲದೊಡನೆ ಅಕ್ಷರಶಃ ಹೋಲಿಸಿ ನೋಡುವುದು ಕವಿಗೂ ಗಾಯಕನಿಗೂ ನಾವು ಸಲ್ಲಿಸಬೇಕಾದ ಕರ್ತವ್ಯ.