ಹೋಟ್ಲಾಗ ಆಡಿದ ಮಾತು, ಮನ್ಯಾಗ ಆಡದ ಮಾತು

"ಊಟ ಆಯ್ತಾ?" ಅಂತ ಕನ್ನಡದವರು ಕೇಳ್ತಾರೆ. "ಅನ್ನಂ ತಿಂಟಿವಾ?" ಅಂತ ತೆಲುಗಿನವರು ಕೇಳ್ತಾರೆ. ನಮ್ಮ ರಾಯದುರ್ಗದ ಸೀಮೆಯಲ್ಲಿ ಒಂದು ಓಣಿಯಲ್ಲಿ ನಾಲ್ಕು ಮನೆ ದಾಟುವುದರೊಳಗೆ ಎರಡು ಭಾಷೆಯಲ್ಲೂ ಉತ್ತರ ಕೊಟ್ಟಿರಬೇಕು. ಉಂಡಿದ್ದರೂ "ಆಯ್ತು", ಉಣದಿದ್ದರೂ "ಆಯ್ತು". ಕೇಳಿದವರಿಗೆ ನಮ್ಮ ಹೊಟ್ಟೆಯ ಲೆಕ್ಕ ಬೇಕಾಗಿಲ್ಲ. ನಿಂತು ಎರಡು ಮಾತಾಡೋದಕ್ಕೆ ಒಂದು ನೆಪ ಬೇಕು, ಅಷ್ಟೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನಮ್ಮ ಸೊಸೆ ಮೊದಲ ಸಲ ಊರಿಗೆ ಬಂದಾಗ, "ಏನ್ ಮಾವ, ಈ ಊರಿನವರೆಲ್ಲ ನಾನು ಉಂಡೆನೋ ಇಲ್ಲವೋ ಅಂತ ಇಷ್ಟು ಚಿಂತೆ ಮಾಡ್ತಾರೆ?" ಅಂತ ಕೇಳಿದ್ದಳು. ನಕ್ಕು ಸುಮ್ಮನಾದೆ. ಆ ಪ್ರಶ್ನೆಯ ಬೆಲೆ ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ಹೋಟೆಲ್ಲಿದೆ. ಹೋಟೆಲ್ ಅಂದರೆ ತಗಡಿನ ಚಪ್ಪರ, ಎರಡು ಮರದ ಬೆಂಚು, ಒಂದು ಕಡಪ ಕಲ್ಲಿನ ಟೇಬಲ್ಲು, ಹೊರಗಡೆ ಎಣ್ಣೆ ಬಾಣಲೆ. ಬೆಳಿಗ್ಗೆ ಆರಕ್ಕೆ ಒಲೆ ಹಚ್ಚಿದರೆ ಏಳಕ್ಕೆ ಒಗ್ಗರಣೆ ತಯಾರು. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ, ಮುಷ್ಟಿಯಲ್ಲಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿದ ಒಗ್ಗರಣೆಗೆ ಸುರಿದು, ಮೇಲೆ ಪುಠಾಣಿ ಪುಡಿ ಉದುರಿಸಿ, ನಿಂಬೆಹುಳಿ ಹಿಂಡಿ ಕಲೆಸೋದು. ಪಕ್ಕದಲ್ಲಿ ಮಿರ್ಚಿ. ಬಳ್ಳಾರಿಯಲ್ಲಿ ಇದು ಒಗ್ಗರಣೆ. ಹುಬ್ಬಳ್ಳಿ ಧಾರವಾಡದ ಕಡೆ ಸುಸಲಾ. ಅನಂತಪುರ ಕರ್ನೂಲಿನ ತೆಲುಗಿನವರಿಗೆ ಉಗ್ಗಾನಿ ಬಜ್ಜಿ. ಹೆಂಗೇ ಕರೀರಿ, ಹಿಂಡೋ ಕೈ ಹದ ತಪ್ಪಿತು ಅಂದರೆ ಮುದ್ದೆಯಾಗ್ತದೆ, ಬಿಗಿ ಹಿಂಡಿದರೆ ಬೆಂಡು. ಅದೊಂದು ವಿದ್ಯೆ.

ಹಳಬರು ಹೇಳೋ ಮಾತು: 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಯಿತು. ಅಲ್ಲಿಯವರೆಗೆ ಮದರಾಸು ಸರ್ಕಾರದ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಬಂದವು, ಬಳ್ಳಾರಿ ಮೈಸೂರಿಗೆ ಹೋಯಿತು. ಕಚೇರಿ ಕಾಗದ, ಶಾಲೆ ಪುಸ್ತಕ ಎಲ್ಲ ಆ ಕಡೆ ಈ ಕಡೆ ಹಂಚಿಹೋದವು. ಒಗ್ಗರಣೆಯನ್ನು ಯಾವ ಕಮಿಟಿಯೂ ಹಂಚಲಿಲ್ಲ. ಹಬ್ಬದ ಹೋಳಿಗೆಯೂ ಹಂಗೇ. ಕೋಸ್ತಾದ ತೆಲುಗಿನವರು ಬೊಬ್ಬಟ್ಲು ಅಂದರೆ ನಮ್ಮ ಕಡೆಯ ತೆಲುಗಿನವರು "ಓಳಿಗಲು" ಅಂತಾರೆ.

ಈ ಹೋಟೆಲ್ಲಿನ ಬೆಂಚಿನ ಮೇಲೆ ನನ್ನ ಮೂವತ್ತು ವರ್ಷದ ಬೆಳಗು ಕಳೆದಿದೆ. ಅಲ್ಲಿ ಭಾಷೆ ಮನುಷ್ಯನನ್ನು ನೋಡಿ ಬದಲಾಗಲ್ಲ, ವಿಷಯ ನೋಡಿ ಬದಲಾಗ್ತದೆ. ಶೇಂಗಾ ರೇಟು, ತೂಕ, ಕಮಿಷನ್ನು ಬಂದರೆ ಎಲ್ಲರೂ ತೆಲುಗು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡದವನೂ ವ್ಯಾಪಾರಕ್ಕೆ ಕುಂತರೆ "ಎಂತಕಿ ಇಸ್ತಾವು?" ಅಂತಾನೆ. ಮಳೆಯ ಮಾತು ಬಂದರೆ ಅರ್ಧ ಬೆಂಚು "ಆರಿದ್ರ ಮಳೆ" ಅನ್ನುತ್ತೆ, ಇನ್ನರ್ಧ "ಆರುದ್ರ ಕಾರ್ತೆ" ಅನ್ನುತ್ತೆ. ಬರದಿದ್ದರೆ ಇಬ್ಬರಿಗೂ ಒಂದೇ. ಬೈಗುಳಕ್ಕೆ ಎರಡೂ ಭಾಷೆ ಸಾಲಲ್ಲ.

ಸಿನಿಮಾ ವಿಷಯ ಬಂತೋ, ಚಹಾ ಆರಿಹೋಗುತ್ತೆ. ನಮ್ಮಲ್ಲೊಬ್ಬ ಹಿರಿಯರಿದ್ದರು, ರಾಜ್‌ಕುಮಾರ್ ನಮ್ಮವರೂ ಹೌದು ಅಂತ ತೆಲುಗಿನವರ ಪರ ವಾದ ಮಾಡೋರು. 1954ರಲ್ಲಿ 'ಬೇಡರ ಕಣ್ಣಪ್ಪ' ಬಂತಲ್ಲ, ಅದೇ ಕಥೆ ಅದೇ ವರ್ಷ ತೆಲುಗಿನಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಆಯಿತು, ಕಣ್ಣಪ್ಪ ಅಲ್ಲೂ ರಾಜ್‌ಕುಮಾರೇ. ಅವರು ನಟಿಸಿದ ತೆಲುಗು ಚಿತ್ರ ಅದೊಂದೇ. ಕನ್ನಡದವರು ಸುಮ್ಮನಿರ್ತಾರಾ? ರಾಜ್‌ಕುಮಾರ್‌ಗೆ ಕೊರಳು ಕೊಟ್ಟ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಹಂಗಂತ ಅವರನ್ನು ವಾಪಸ್ ಕೊಡೋಕಾಗ್ತದಾ ಅಂತ ಇವರು. 1995ರ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರದಲ್ಲಿ ಹಾಡಿದ್ದಕ್ಕೆ ಎಸ್‌ಪಿಬಿಯವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಬೆಂಚಿನ ಎರಡು ತುದಿಯವರೂ ಅದು ತಮ್ಮದೇ ಅಂದಿದ್ದರು. ಅವತ್ತು ಚಹಾ ದುಡ್ಡು ಯಾರು ಕೊಡಬೇಕು ಅನ್ನೋದು ಮಾತ್ರ ತೀರ್ಮಾನ ಆಗಲಿಲ್ಲ.

ಮಧ್ಯಾಹ್ನ ಗುಡಿಕಟ್ಟೆಯಲ್ಲಿ ಹುಲಿ-ಕುರಿ ಆಟ. ಮೂರು ಹುಲಿ, ಹದಿನೈದು ಕುರಿ. ಕಟ್ಟೆಯ ಬಂಡೆ ಮೇಲೆ ಯಾರೋ ಪುಣ್ಯಾತ್ಮರು ಎಂದೋ ಗೀಚಿದ ಮನೆಗಳು ಇನ್ನೂ ಹಂಗೇ ಇವೆ. ಆಡೋರು ಮಾತ್ರ ಕಡಿಮೆ. ಹುಡುಗರ ಕೈಗೆ ಫೋನ್ ಬಂದಿದೆ. ಇದನ್ನು ದೂರು ಅಂತ ಹೇಳ್ತಿಲ್ಲ. ನಾನೂ ಫೋನಿನಲ್ಲಿ ಹಳೆ ನಾಟಕದ ಪದ್ಯ ಹಾಕಿ ಕೇಳೋನೇ.

ಇಷ್ಟೆಲ್ಲ ಮಾತಾಡೋ ನಾನು ಮನೆಗೆ ಬಂದರೆ ಮೂಕ. ಈ ಮಾತನ್ನು ಬರೆಯೋದಕ್ಕೆ ಸಂಕೋಚ ಆಗ್ತದೆ, ಆದರೆ ಓದುವವರಲ್ಲಿ ಬಹಳ ಗಂಡಸರಿಗೆ ಇದು ಹೊಸದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೇನೆ.

ಮೂರು ವರ್ಷದ ಹಿಂದೆ ನಮ್ಮ ಬೋರು ಬತ್ತಿತು. ಎರಡನೇದು ಹಾಕಿಸಿದೆ, ಮುನ್ನೂರೈವತ್ತು ಅಡಿಗೆ ಸ್ವಲ್ಪ ತೇವ ಬಂದಂಗಾಗಿ ನಿಂತಿತು. ಮೂರನೇದು ಆರುನೂರು ಅಡಿ. ಬರೀ ಬಿಳಿ ಧೂಳು. ಗಾಡಿಯವನು ರಾಡು ಬಿಚ್ಚೋವಾಗ ನನ್ನ ಮುಖ ನೋಡಲಿಲ್ಲ. ಆ ಮೂರನೇ ಬೋರಿಗೆ ತಂದ ದುಡ್ಡು ಕೈಬದಲಿನ ಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಅಂದರೆ ವರ್ಷಕ್ಕೆ ನೂರಕ್ಕೆ ಇಪ್ಪತ್ತನಾಲ್ಕು. ಮರುದಿನ ಬೆಳಿಗ್ಗೆ ಹೋಟ್ಲಾಗ ಇದನ್ನೆಲ್ಲ ಹೇಳಿದೆ. ತೆಲುಗಿನಲ್ಲಿ ಹೇಳಿದೆ. ಸಾಲದ ಮಾತು ನನಗೆ ತೆಲುಗಿನಲ್ಲಿ ಸಲೀಸು, ಅದು ಮಾರ್ಕೆಟ್ಟಿನ ಭಾಷೆ. ಕನ್ನಡದಲ್ಲಿ ಹೇಳೋಕೆ ಹೋದರೆ ನಮ್ಮವ್ವನ ಮುಂದೆ ನಿಂತು ಹೇಳಿದಂಗಾಗ್ತದೆ, ಬಾಯಿ ಏಳಲ್ಲ. ಪದ್ಯದಲ್ಲಿ ನೋಡಿ, ಅದೇ ಉಲ್ಟಾ. ದುಃಖ ಬಂದರೆ ಕನ್ನಡವೇ ಬರ್ತದೆ.

ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಆಕೆ ನಿದ್ದೆ ಕೆಡಿಸಿಕೊಳ್ತಾಳೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎಂಟು ದಿನ ಆಗಿರಬೇಕು. ನನ್ನ ಹೆಂಡತಿ ಹಿಟ್ಟಿನ ಗಿರಣಿಗೆ ಹೋಗಿದ್ದಾಗ ಬೆಂಚಿನ ಗೆಳೆಯರೊಬ್ಬರ ಹೆಂಡತಿ ಅಲ್ಲಿ ಸಿಕ್ಕು, "ಮೂಡೋ ಬೋರೂ ಪೋಯಿಂದಂಟನೇ, ವಡ್ಡಿ ಎಂತ ಪಡ್ತುಂದಿ?" ಅಂತ ಮರುಗಿ ಕೇಳಿದಳಂತೆ. ಆಕೆಗೆ ಏನು ಗೊತ್ತು, ಇವಳಿಗೆ ಗೊತ್ತಿಲ್ಲ ಅಂತ? ಇವಳು ಎಲ್ಲ ಗೊತ್ತಿರೋಳಂಗೆ ತಲೆಯಾಡಿಸಿ ಹಿಟ್ಟಿನ ಡಬ್ಬಿ ಹೊತ್ತು ಬಂದಿದ್ದಾಳೆ. ರಾತ್ರಿ ಮುದ್ದೆ ಇಟ್ಟಳು, ಸಾರು ಬಡಿಸಿದಳು. ನಮ್ಮ ಮದುವೆಯಾದಾಗಿನಿಂದ "ಉಣ್ತೀರಾ?" ಅಂತ ಕೇಳದೆ ಆಕೆ ತಟ್ಟೆ ಇಟ್ಟಿದ್ದು ಅದೇ ಮೊದಲು. ನಾನು ಉಂಡು ಕೈತೊಳೆದ ಮೇಲೆ ಹೇಳಿದಳು: "ಹೋಟ್ಲಿನ ಟೇಬಲ್ಲಿಗೆ ಹೇಳಿದ್ದು ನನಗ ಹೇಳಬಾರದಾಗಿತ್ತಾ? ಗಿರಣ್ಯಾಗ ಕೇಳಬೇಕಾಯ್ತು ನಾನು."

ಜಗಳ ಆಡಿದ್ದರೆ ಸುಲಭ ಇತ್ತು. ಆಕೆ ಆಡಲಿಲ್ಲ. ಹತ್ತು ಹದಿನೈದು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಹೊರಗೆ ಓಣಿಯಲ್ಲಿ ಎಲ್ಲರೂ "ಊಟ ಆಯ್ತಾ, ತಿಂಟಿವಾ" ಅಂತ ಕೇಳ್ತಿದ್ದರು, ಒಳಗೆ ಕೇಳೋರು ಕೇಳ್ತಿರಲಿಲ್ಲ.

ನನ್ನ ಗೆಳೆಯ ಒಬ್ಬ ಶೇಂಗಾ ವ್ಯಾಪಾರಿ, ತೆಲುಗಿನವನು. ನನ್ನ ಹೆಂಡತಿಯನ್ನು ಅಕ್ಕ ಅಂತಾನೆ, ಹಂಗಾಗಿ ನನಗೆ ಬಾವ ಅಂತಾನೆ. ಅವನೇ ಹೇಳಿದ್ದು, "ಬಾವಾ, ಅಕ್ಕನು ಒಕ ರೋಜು ಹೋಟ್ಲಿಗೆ ಪಿಲ್ಚುಕೊನಿ ಪೋ." ನನಗೆ ನಗು ಬಂತು. ಆಮೇಲೆ ಯೋಚನೆ ಮಾಡಿದರೆ, ಇಷ್ಟು ವರ್ಷದಲ್ಲಿ ಆಕೆಯನ್ನು ಜಾತ್ರೆಗೆ, ಆಸ್ಪತ್ರೆಗೆ, ಬೀಗರ ಊರಿಗೆ ಕರ್ಕೊಂಡು ಹೋಗಿದ್ದೆ. ಹೋಟ್ಲಿಗೆ ಒಂದು ಸಲವೂ ಇಲ್ಲ. ಆಕೆಯ ತವರು ಮೊಳಕಾಲ್ಮೂರಿನ ಕಡೆ, ಅಲ್ಲೂ ಆಗ ಹೆಂಗಸರು ಹೋಟ್ಲಾಗ ಕುಂತು ತಿನ್ನೋದು ಇರಲಿಲ್ಲ. ನಾನು ತಿಂದು, ಮನೆಗೆ ಪೇಪರಿನಲ್ಲಿ ಕಟ್ಟಿಸಿಕೊಂಡು ಬರೋದು, ಅದೇ ದೊಡ್ಡ ಪ್ರೀತಿ ಅಂದುಕೊಂಡಿದ್ದೆ.

ಊರಿನ ಬಸ್‌ಸ್ಟ್ಯಾಂಡಿನ ಹೋಟ್ಲಿಗೆ ಬರೋಕೆ ಆಕೆ ಒಪ್ಪಲಿಲ್ಲ. "ಊರೋರೆಲ್ಲ ನೋಡ್ತಾರ, ನನಗೇನು ಹುಚ್ಚಾ?" ಅಂದಳು. ಒಂದು ದಿನ ರಾಯದುರ್ಗಕ್ಕೆ ಬ್ಯಾಂಕಿನ ಕೆಲಸ ಅಂತ ಇಬ್ಬರೂ ಹೋದೆವು. ಕೆಲಸ ಮುಗಿಸಿ ಒಂದು ಹೋಟ್ಲಿಗೆ ನುಗ್ಗಿದೆ, ಆಕೆಯೂ ಸೆರಗು ಸರಿಮಾಡಿಕೊಂಡು ಹಿಂದೆ ಬಂದಳು. ಪ್ಲೇಟು ಬಂತು. ಮಿರ್ಚಿ ಕಡಿದು ಒಂದು ಗಳಿಗೆ ಹಂಗೇ ಕುಂತಳು.

"ಏನ್ರೀ, ಮಿರ್ಚಿ ಹಿಂಗ ಗರಿಗರಿ ಇರ್ತದಾ?"

ನನಗೆ ತುತ್ತು ಇಳೀಲಿಲ್ಲ. ಪೇಪರಿನಲ್ಲಿ ಸುತ್ತಿ, ಚೀಲದಲ್ಲಿಟ್ಟು, ಸೈಕಲ್ಲಿಗೆ ತಗಲಿಸಿ, ದಾರಿಯಲ್ಲಿ ನಾಲ್ಕು ಮಂದಿ ಜೊತೆ ನಿಂತು ಮಾತಾಡಿ ಮನೆ ಸೇರೋ ಹೊತ್ತಿಗೆ ಮಿರ್ಚಿ ಮೆತ್ತಗಾಗಿರ್ತದೆ. ಅದನ್ನೇ ಮಿರ್ಚಿ ಅಂತ ಮೂವತ್ತು ವರ್ಷ ತಿಂದಿದ್ದಾಳೆ.

ಅಲ್ಲೇ ಕುಂತು ಸಾಲದ ಲೆಕ್ಕ ಹೇಳಿದೆ. ಕನ್ನಡದಲ್ಲೇ ಹೇಳಿದೆ. ಅಸಲು ಎಷ್ಟು, ಬಡ್ಡಿ ಎಷ್ಟು, ಯಾರ ಹತ್ತಿರ ಅಂತ. ಆಕೆ ಅಳಲಿಲ್ಲ, ನಿದ್ದೆಯೂ ಕೆಡಲಿಲ್ಲ. ಬೆರಳು ಮಡಚಿ ಎಣಿಸಿ, "ನಮ್ಮ ಡ್ವಾಕ್ರಾ ಗುಂಪಿನಾಗ ಸಾಲ ಎತ್ತಿದ್ರ ಇದರ ಅರ್ಧ ಬಡ್ಡೀನೂ ಆಗ್ತಿರಲಿಲ್ಲಲ್ಲ. ಹೋದ ತಿಂಗಳು ನಮ್ಮ ಗುಂಪಿಗೆ ಬಂತು, ನಾನು ನಮಗೇನು ಬೇಡ ಅಂದು ಬೇರೇರಿಗೆ ಬಿಟ್ಟುಕೊಟ್ಟೆ" ಅಂದಳು. ಸಪ್ಲಯರ್ ಹುಡುಗ ಬಂದು "ಇಂಕೇಮನ್ನ ಕಾವಾಲಮ್ಮಾ?" ಅಂದ. "ಇನ್ನೊಂದು ಪ್ಲೇಟ್ ಮಿರ್ಚಿ ತಾರಪ್ಪ" ಅಂತ ಈಕೆ. ಅವನು ತೆಲುಗು, ಇವಳು ಕನ್ನಡ, ಮಿರ್ಚಿ ತಪ್ಪಿಲ್ಲದೆ ಬಂತು. ಬಾಯಿ ಬಿಡದಿದ್ದಕ್ಕೆ ನಾನು ಎಷ್ಟು ಬಡ್ಡಿ ಹೆಚ್ಚಿಗೆ ಕಟ್ಟಿದೆ ಅನ್ನೋದನ್ನು ವ್ಯಾಪಾರಸ್ಥ ಓದುಗರು ಲೆಕ್ಕ ಹಾಕಿಕೊಳ್ಳಲಿ, ನಾನು ಹಾಕಿ ನೋಡಿ ಬಿಟ್ಟಿದ್ದೇನೆ.

ಆರು ತಿಂಗಳ ಮೇಲೆ ಗುಂಪಿನ ಸರದಿ ಮತ್ತೆ ಬಂತು. ಆ ದುಡ್ಡಿನಲ್ಲಿ ಕೈಬದಲು ತೀರಿಸಿದೆವು. ಈಗ ಕಂತು ಕಟ್ಟೋದು ಆಕೆಯ ಪುಸ್ತಕದಲ್ಲಿ.

ಇನ್ನೊಂದು ಹೇಳಬೇಕು. ನಾವು ಚಿಕ್ಕವರಿದ್ದಾಗ ಮುಂಗಾರಿಗೆ ಮುಂಚೆ ಬಿತ್ತನೆ ಶೇಂಗಾವನ್ನು ಕೈಯಲ್ಲೇ ಸುಲೀತಿದ್ದರು. ರಾತ್ರಿ ಊಟ ಮುಗಿಸಿ ಓಣಿಯ ಹೆಂಗಸರು ಮಕ್ಕಳು ನಮ್ಮ ಪಡಸಾಲೆಯಲ್ಲಿ ಸೇರೋರು, ಸೇರಿನ ಲೆಕ್ಕದಲ್ಲಿ ಕೂಲಿ. ಬೀಜಕ್ಕೆ ಪೆಟ್ಟಾಗಬಾರದು ಅಂತ ನಿಧಾನ ಸುಲಿಯೋದು, ನಿಧಾನ ಅಂದ ಮೇಲೆ ಮಾತು. ಯಾರ ಮನೆ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಈಯಿತು, ಎಲ್ಲ ಅಲ್ಲೇ. ಗಂಡಸರಿಗೂ ಅಲ್ಲಿ ಜಾಗ ಇತ್ತು. ಸುಲಿಯೋ ಮಿಷನ್ ಬಂತು, ಗಂಟೆಯಲ್ಲಿ ಕೆಲಸ ಮುಗೀತು. ಮಿಷನ್ನಿನಲ್ಲಿ ಬೀಜ ಒಡೀತದೆ ಅಂತ ನಾವು ಬೈದೆವು, ಮಾತು ನಿಂತದ್ದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ ಎರಡು ಎಕರೆಯ ಬೀಜ ಮನೆಯಲ್ಲೇ ಸುಲಿದೆವು. ರಜಕ್ಕೆ ಬಂದಿದ್ದ ಮೊಮ್ಮಗನೂ ಕುಂತ. ಇಂಗ್ಲಿಷ್ ಶಾಲೆಯವನು, ಕನ್ನಡ ತಡವರಿಸ್ತಾನೆ. ಸುಲಿದದ್ದಕ್ಕಿಂತ ತಿಂದದ್ದೇ ಹೆಚ್ಚು. ಆದರೆ ಮೂರನೇ ರಾತ್ರಿಗೆ "ಅಜ್ಜಿ, ಬೋರಿನಾಗೆ ಧೂಳು ಬಂದಾಗ ತಾತ ಅತ್ತನಾ?" ಅಂತ ಕೇಳಿದ. ನಾನು ಇಲ್ಲ ಅನ್ನೋದರೊಳಗೆ ಆಕೆ, "ಹೋಟ್ಲಾಗ ಕೇಳು, ಅಲ್ಲಿ ಗೊತ್ತಿರ್ತದ" ಅಂದಳು. ಇಬ್ಬರೂ ಸೇರಿ ನಕ್ಕರು.

ಬೆಳಗಿನ ಬೆಂಚು ನಾನು ಬಿಟ್ಟಿಲ್ಲ, ಬಿಡೋದೂ ಇಲ್ಲ. ಮಿರ್ಚಿ ಮಾತ್ರ ಕಟ್ಟಿಸಿಕೊಂಡು ಬರೋದು ನಿಲ್ಲಿಸಿದ್ದೇನೆ. ತಿಂಗಳಿಗೊಮ್ಮೆ ಕಂತು ಕಟ್ಟೋ ದಿನ ಇಬ್ಬರೂ ರಾಯದುರ್ಗಕ್ಕೆ ಹೋಗಿ, ಬಾಣಲೆಗೆ ಹತ್ತಿರದ ಟೇಬಲ್ಲು ನೋಡಿ ಕೂಡ್ತೇವೆ. ಇನ್ನು ಎರಡು ಕಂತು ಬಾಕಿ ಇದೆ. ಅದು ತೀರಿದ ಮೇಲೆ ಯಾವ ನೆಪ ಹೇಳಿ ಹೋಗೋದು ಅಂತ ಆಕೆ ಈಗಲೇ ಕೇಳ್ತಿದ್ದಾಳೆ.